ದೊಡ್ಡವನಿಗೆ ಕಟ್ಟಿದ ಬೆಲೆ

ದೊಡ್ಡವನು ತೀರಿಕೊಂಡು ಎರಡು ತಿಂಗಳಾಗಿದ್ದರೂ ಅವನ ಫೋನು ಮಾತ್ರ ಸರಿಯಾಗಿ ಊಟದ ಹೊತ್ತಿಗೇ ಹೊಡೆದುಕೊಳ್ಳುತ್ತಿತ್ತು. ಎಲ್ಲೋ ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತಿರುತ್ತಿತ್ತು. ಅವನ ಹೆಂಡತಿ, ಆ ಮನೆಯ ದೊಡ್ಡ ಸೊಸೆ, ಎಂಜಲು ಕೈಯನ್ನು ದೂರ ಹಿಡಿದು ಎಡಗೈಯಲ್ಲಿ ಫೋನೆತ್ತಿ, "ಹೇಳಿ, ಯಾವ ಕಟ್ಟಡ? ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದಾರಾ?" ಎಂದು ಕೇಳುತ್ತಿದ್ದಳು. ಆಚೆ ಕಡೆಯವರು "ಸಾಹೇಬರಿಗೇ ಕೊಡೀಮ್ಮ" ಎಂದರೆ, "ಅವರಿಲ್ಲ. ಮೇಸ್ತ್ರಿಯನ್ನ ಕಳಿಸ್ತೀನಿ" ಎನ್ನುತ್ತಿದ್ದಳು. ಇಲ್ಲ ಎಂದರೆ ಎಲ್ಲೋ ಹೊರಗೆ ಹೋಗಿರಬೇಕು ಎಂದುಕೊಂಡು ಕೆಲವರು ಸಂಜೆ ಮತ್ತೆ ಮಾಡುತ್ತಿದ್ದರು.

"ಆ ಫೋನನ್ನ ಆಫ್ ಮಾಡಿ ಇಡಬಾರದೇನಮ್ಮ," ಎಂದಳು ಅಜ್ಜಿ.

"ಆಫ್ ಮಾಡಿದ್ರೆ ಅವರೆಲ್ಲ ಬೇರೆ ಕಂಪನಿ ಹುಡುಕ್ಕೊಳ್ತಾರೆ ಅತ್ತೆ."

ಚಿಕ್ಕವನು ತಟ್ಟೆಯಿಂದ ತಲೆಯೆತ್ತದೆ, "ಆಗಲೇ ಹುಡುಕ್ತಿದಾರೆ," ಎಂದ.

ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ ಕಂಪನಿ ಅದು. ಲಿಫ್ಟು ತಯಾರಿಸುವುದಲ್ಲ, ಬೇರೆಯವರು ಕೂರಿಸಿ ಹೋದ ಲಿಫ್ಟುಗಳನ್ನು ವರ್ಷದ ಗುತ್ತಿಗೆ ಮೇಲೆ ನೋಡಿಕೊಳ್ಳುವುದು. ಒಂದು ದೊಡ್ಡ ಆಸ್ಪತ್ರೆ, ಕೆಲವು ಆಫೀಸುಗಳು, ಮಿಕ್ಕಂತೆ ಜನ ವಾಸ ಮಾಡುವ ಕಟ್ಟಡಗಳು. ದೊಡ್ಡವನು ಮೋಟಾರಿನ ಹತ್ತಿರ, ಚಿಕ್ಕವನು ಮೇಜಿನ ಹತ್ತಿರ. ಷೇರು ಅರ್ಧ ಅರ್ಧ. ಮನೆ ಅಜ್ಜಿಯ ಹೆಸರಲ್ಲಿತ್ತು. ಕೆಳಗೆ ಅಜ್ಜಿ ಮತ್ತು ದೊಡ್ಡವನ ಸಂಸಾರ, ಮೇಲೆ ಚಿಕ್ಕವನು ಮತ್ತವನ ಹೆಂಡತಿ, ಅಡುಗೆಮನೆ ಒಂದೇ. ಚಿಕ್ಕ ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬೆಳಗಿನ ಅಡುಗೆ ದೊಡ್ಡವಳದು, ಸಂಜೆಯದು ಅವಳದು. ಇಷ್ಟು ವರ್ಷದಲ್ಲಿ ಈ ಏರ್ಪಾಡಿಗೆ ಒಂದು ಜಗಳವೂ ಬಂದಿರಲಿಲ್ಲ. ಉಪ್ಪು ಹೆಚ್ಚಾದರೆ ಇಬ್ಬರೂ ಸೇರಿ ತಪ್ಪನ್ನು ಗಂಡಂದಿರ ನಾಲಗೆಯ ಮೇಲೆ ಹಾಕುತ್ತಿದ್ದರು.

ಜಗಳ ಏನಿದ್ದರೂ ಅಣ್ಣತಮ್ಮಂದಿರದು. "ಬೆಳಗಾದ್ರೆ ಗ್ರೀಸು, ಸಂಜೆಯಾದ್ರೆ ಗ್ರೀಸು. ಕಂಪನಿ ನಡೆಸೋದು ಅಂದ್ರೆ ನಟ್ಟು ತಿರುವೋದಲ್ಲಣ್ಣ," ಎನ್ನುತ್ತಿದ್ದ ಚಿಕ್ಕವನು. "ಬಿಲ್ಲು ಕಳಿಸೋಕೂ ನಾನೇ, ಬ್ಯಾಂಕಿನವರ ಕಾಲು ಹಿಡಿಯೋಕೂ ನಾನೇ. ನೀನು ಮಾಡೋ ಕೆಲಸ ಸಂಬಳ ಬಿಸಾಕಿದ್ರೆ ಯಾರು ಬೇಕಾದ್ರೂ ಮಾಡ್ತಾರೆ." ದೊಡ್ಡವನು ನಕ್ಕು ಸುಮ್ಮನಾಗುತ್ತಿದ್ದ. ಒಂದು ಬೆಳಿಗ್ಗೆ ಷೂ ಹಾಕಿಕೊಳ್ಳಲು ಬಗ್ಗಿದವನು ಮೇಲೆ ಏಳಲೇ ಇಲ್ಲ.

ಆ ದಿನ ಫೋನಿನ ಗಲಾಟೆ ಮುಗಿದ ಮೇಲೆ ಚಿಕ್ಕವನು ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತ.

"ಅತ್ತಿಗೆ, ಒಂದು ಮಾತು. ಎಲ್ಲರೂ ಇರೋವಾಗಲೇ ಹೇಳಿಬಿಡ್ತೀನಿ. ಮೊದಲ ಸಾಲ ತಗೊಂಡಾಗ ನಾನೂ ಅಣ್ಣನೂ ಒಂದು ಕರಾರು ಬರೆದಿದ್ವಿ. ನಮ್ಮಿಬ್ಬರಲ್ಲಿ ಒಬ್ಬರು ಹೋದ್ರೆ ಅವರ ಷೇರನ್ನ ಇನ್ನೊಬ್ಬರು ಆರು ತಿಂಗಳೊಳಗೆ ಕೊಂಡುಕೊಳ್ಳಬೇಕು. ಬೆಲೆ ಕಟ್ಟೋದು ಹೊರಗಿನವರು."

"ಕೊಂಡುಕೊಳ್ಳೋದು ಯಾಕೆ?" ಅಜ್ಜಿ ಕೇಳಿದಳು. "ಅವನ ಪಾಲು ಅವಳ ಹೆಸರಿಗೆ ಬಂದ್ರೆ ಆಗಲ್ವಾ?"

"ಬಂದು ಏನು ಮಾಡುತ್ತೆ ಅಮ್ಮ? ಅಣ್ಣ ಮನೆಗೆ ತರ್ತಿದ್ದದ್ದು ಸಂಬಳ. ಕೆಲಸ ಮಾಡೋನೇ ಇಲ್ಲ ಅಂದ್ಮೇಲೆ ಸಂಬಳ ಎಲ್ಲಿಂದ? ಷೇರು ಪತ್ರ ಬೇಯಿಸಿ ತಿನ್ನೋಕಾಗುತ್ತಾ?"

"ಲಾಭ ಬರುತ್ತಲ್ಲೋ."

"ಬಂದ ಲಾಭ ಅಷ್ಟೂ ಹಳೇ ಸಾಲಕ್ಕೆ, ಹೊಸ ಸಾಮಾನಿಗೆ. ಇಷ್ಟು ವರ್ಷ ನಾವಿಬ್ಬರೂ ಒಂದು ಕಾಸು ಹಂಚಿಕೊಂಡಿಲ್ಲ."

ದೊಡ್ಡವನ ಮಗಳು ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದಳು. ವಾಣಿಜ್ಯ ಓದುವ, ಇನ್ನೇನು ಕಡೇ ಪರೀಕ್ಷೆ ಬರೆಯಬೇಕಿದ್ದ ಹುಡುಗಿ. ಸಣ್ಣವಳಿದ್ದಾಗ ಅಪ್ಪನ ಜೊತೆ ಹೋದಲ್ಲೆಲ್ಲ ಲಿಫ್ಟಿನ ಎಲ್ಲ ಬಟನ್ನುಗಳನ್ನೂ ಒತ್ತಿಬಿಡುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಬಟನ್ ಎಂದೇ ಆಗಿತ್ತು.

"ಬೆಲೆ ಎಷ್ಟು ಬರಬಹುದು ಚಿಕ್ಕಪ್ಪ?"

"ಅದನ್ನ ಹೇಳೋರು ಬೇರೆ. ಬರೋ ವಾರ ಬರ್ತಾರೆ."

ಬಂದದ್ದು ಗಿಡ್ಡ ಕೂದಲಿನ, ಕಡಿಮೆ ಮಾತಿನ ಒಬ್ಬ ಹೆಂಗಸು. ಕಂಪನಿಗಳಿಗೆ ಬೆಲೆ ಕಟ್ಟುವುದೇ ಅವಳ ಉದ್ಯೋಗ. ಆಫೀಸಿನಲ್ಲಿ ಕೂತು ಹಳೆಯ ಬಿಲ್ಲುಗಳನ್ನೂ ಗುತ್ತಿಗೆ ಪತ್ರಗಳನ್ನೂ ಓದಿದಳು, ಮೇಸ್ತ್ರಿಯನ್ನು ಮಾತಾಡಿಸಿದಳು, ಚಿಕ್ಕವನನ್ನು ಎರಡು ಮಧ್ಯಾಹ್ನ ಕೂರಿಸಿಕೊಂಡು ಕೇಳಿದಳು. ದೊಡ್ಡವನ ಕಡೆಯಿಂದ ಯಾರಾದರೂ ಇರಬೇಕೆಂದು ಬಟನ್ ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಒಂದು ಸಂಜೆ ಮನೆಗೆ ಬಂದವಳೇ ನೇರ ತಾರಸಿಗೆ ಹತ್ತಿ, ಒಣಗಿದ ಬಟ್ಟೆ ತೆಗೆಯುತ್ತಿದ್ದ ತಾಯಿಯ ಪಕ್ಕ ನಿಂತಳು.

"ಅಮ್ಮ, ಚಿಕ್ಕಪ್ಪ ಅಲ್ಲಿ ಅಪ್ಪನ್ನ ಹೊಗಳ್ತಿದಾರೆ."

"ಹೊಗಳಲಿ ಬಿಡೆ. ಈಗಲಾದ್ರೂ ಬಾಯಿ ಬಂತಲ್ಲ."

"ಹೊಗಳಿಕೆ ಅಲ್ಲಮ್ಮ ಅದು, ಕತ್ತರಿ. ಕೇಳಿಲ್ಲಿ. ಕಂಪನಿಗೆ ವರ್ಷಕ್ಕೆ ಇಪ್ಪತ್ತು ಲಕ್ಷ ಉಳಿಯುತ್ತೆ. ಅದರ ಐದು ಪಟ್ಟು ಕಂಪನಿ ಬೆಲೆ ಅಂತ ಹಿಡೀತಾರೆ. ಅಂದ್ರೆ ಕೋಟಿ. ಅದರಲ್ಲಿ ಬ್ಯಾಂಕಿನ ಸಾಲ ಇಪ್ಪತ್ತು ಕಳೀಬೇಕು. ಮಿಕ್ಕ ಎಂಬತ್ತರಲ್ಲಿ ಅರ್ಧ ನಮ್ಮದು, ನಲವತ್ತು."

"ಸರಿ."

"ಸರಿ ಎಲ್ಲಿ ಬಂತು? ಅಣ್ಣನ ಮುಖ ನೋಡಿ ಬಂದ ಗಿರಾಕಿಗಳು ಅಣ್ಣನ ಹಿಂದೇ ಹೋಗ್ತಾರೆ, ಇನ್ಮೇಲೆ ಹದಿನಾಲ್ಕು ಉಳಿದ್ರೆ ಹೆಚ್ಚು ಅಂತಿದಾರೆ ಚಿಕ್ಕಪ್ಪ. ಹದಿನಾಲ್ಕಕ್ಕೆ ಐದು ಪಟ್ಟು ಎಪ್ಪತ್ತು. ಸಾಲ ಕಳೆದು ಐವತ್ತು. ನಮಗೆ ಇಪ್ಪತ್ತೈದು. ಹದಿನೈದು ಲಕ್ಷ ಅಪ್ಪನ ಜೊತೆ ಹೋಯ್ತು."

ದೊಡ್ಡ ಸೊಸೆ ಮಡಚುತ್ತಿದ್ದ ಹೊದಿಕೆಯನ್ನು ಎದೆಗೆ ಹಿಡಿದು ನಿಂತಳು. "ಅಂದ್ರೆ?"

"ಅಂದ್ರೆ ಅಪ್ಪ ಎಷ್ಟು ದೊಡ್ಡವರೋ ನಮ್ಮ ಪಾಲು ಅಷ್ಟು ಚಿಕ್ಕದು."

"ಇದೆಂಥಾ ಲೆಕ್ಕವೇ!"

"ಇದೇ ಲೆಕ್ಕಮ್ಮ. ಕಾಲೇಜಲ್ಲಿ ಪಾಠ ಮಾಡಿದಾಗ ನನಗೂ ಸರಿ ಅನ್ನಿಸಿತ್ತು."

"ನಾವೇನು ಹೇಳಬೇಕು ಹಾಗಾದ್ರೆ?"

ಹುಡುಗಿ ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಅಪ್ಪ ಇಲ್ಲದಿದ್ರೂ ನಡೆಯುತ್ತೆ ಅಂತ."

ಆ ಸಂಜೆಯ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅಜ್ಜಿಗೆ ಮೆತ್ತಗೆ ಬೇಯಿಸಿದ್ದು ಬೇರೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಬಟನ್ ಶುರು ಮಾಡಿದಳು.

"ಚಿಕ್ಕಪ್ಪ, ಅಪ್ಪನ ಕೆಲಸ ಸಂಬಳ ಬಿಸಾಕಿದ್ರೆ ಯಾರು ಬೇಕಾದ್ರೂ ಮಾಡ್ತಾರೆ ಅಂತಿದ್ರಲ್ಲ ನೀವು?"

"ಅಣ್ಣತಮ್ಮಂದಿರ ಮಧ್ಯೆ ಸಾವಿರ ಮಾತು ಬರುತ್ತೆ. ಸಿಟ್ಟಲ್ಲಿ ಅಂದಿದ್ದು."

"ವರ್ಷವಿಡೀ ಸಿಟ್ಟಿತ್ತಾ?"

"ಬಾಯಿ ಮುಚ್ಚೆ," ಎಂದಳು ತಾಯಿ. ಆದರೆ ಆ ಮಾತಿನಲ್ಲಿ ಜೋರಿರಲಿಲ್ಲ.

"ಬದುಕಿದ್ದಾಗ ಹೊಗಳಿದ್ರೆ ಬಿಟ್ಟಿ. ಈಗ ಹೊಗಳಿದ್ರೆ ಹದಿನೈದು ಲಕ್ಷ ಉಳಿಯುತ್ತೆ. ಅದಕ್ಕೇ ಈಗ ಹೊಗಳ್ತಿದೀರಿ."

ಚಿಕ್ಕವನು ಲೋಟವನ್ನು ಟಕ್ಕೆಂದು ಇಟ್ಟ. "ನಲವತ್ತು ಲಕ್ಷ ನನ್ನ ಜೇಬಲ್ಲಿದೆಯಾ? ಕಂಪನಿ ಮೇಲೆ ಸಾಲ ಎತ್ತಬೇಕು. ನಿಮ್ಮ ಪುಸ್ತಕದಲ್ಲಿ ಇದೂ ಬರೆದಿರಬೇಕಲ್ಲ, ಸ್ವಂತ ದುಡ್ಡು ಎಷ್ಟು, ಸಾಲ ಎಷ್ಟು ಅಂತ? ಸ್ವಂತ ದುಡ್ಡು ಕಾಯುತ್ತಮ್ಮ. ಈ ವರ್ಷ ಲಾಭ ಇಲ್ಲ ಅಂದ್ರೆ ಸುಮ್ಮನಿರುತ್ತೆ. ಬ್ಯಾಂಕು ಕಾಯುತ್ತಾ? ಇಷ್ಟು ದಿನ ನಾಲ್ಕು ಗಿರಾಕಿ ದುಡ್ಡು ತಡ ಮಾಡಿದ್ರೂ ನಾವು ನಿಂತಿದ್ದು ಸಾಲ ಕಡಿಮೆ ಇದ್ದದ್ದರಿಂದ. ಈಗ ನಿಮಗೆ ನಲವತ್ತು ಕೊಟ್ಟರೆ ಒಂದು ಗಿರಾಕಿ ಕೆಮ್ಮಿದರೂ ನಮಗೆ ಜ್ವರ."

"ಹಾಗಂತ ನಮ್ಮ ಪಾಲು ಇಳಿಸೋದಾ?"

"ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ."

"ನಿಲ್ಲಿಸ್ರೋ!" ಅಜ್ಜಿ ತುತ್ತನ್ನು ತಟ್ಟೆಗೆ ಬಿಟ್ಟಳು. "ಸತ್ತವನನ್ನ ಅನ್ನದ ಮುಂದೆ ಇಟ್ಟುಕೊಂಡು ತೂಗ್ತಿದೀರಾ? ಆ ಕಡೆ ಒಬ್ಬ ಭಾರ ಅಂತಾನೆ, ಈ ಕಡೆ ಒಬ್ಬಳು ಹಗುರ ಅಂತಾಳೆ."

ಊಟ ಮುಗಿದ ಮೇಲೆ ಚಿಕ್ಕ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ದೊಡ್ಡವಳು ಪಕ್ಕದಲ್ಲಿ ನಿಂತು ಒರೆಸಿ ಇಡುತ್ತಿದ್ದಳು. ಎಂದಿನ ಕೆಲಸ, ಎಂದಿನ ಜಾಗ.

"ಅಕ್ಕ, ನಾವು ಮೋಸ ಮಾಡ್ತಿಲ್ಲ," ಎಂದಳು ಚಿಕ್ಕವಳು, ನಲ್ಲಿ ನಿಲ್ಲಿಸಿ. "ಭಾವ ಇಲ್ಲದೆ ಆ ಕಂಪನಿ ನಡೆಯಲ್ಲ ಅಂತ ನಮ್ಮೆಲ್ಲರಿಗಿಂತ ನಿಮಗೇ ಚೆನ್ನಾಗಿ ಗೊತ್ತು."

"ಗೊತ್ತು. ಗೊತ್ತಿರೋದನ್ನ ಬಾಯಿಬಿಟ್ಟು ಹೇಳಿದ್ರೆ ನನ್ನ ಮಗಳ ಹದಿನೈದು ಲಕ್ಷ ಹೋಗುತ್ತೆ."

"ಹೇಳದಿದ್ರೆ ನಮ್ಮದು ಹೋಗುತ್ತೆ."

ದೊಡ್ಡವಳು ಒರೆಸುವ ಬಟ್ಟೆಯನ್ನು ಹಿಂಡಿ ಮೊಳೆಗೆ ತಗುಲಿಹಾಕಿ ಹೊರಗೆ ಹೋದಳು. ಮಿಕ್ಕ ಪಾತ್ರೆಗಳು ನೀರು ಸೋರುತ್ತ ಹಾಗೇ ಇದ್ದವು. ವಾರ ಕಳೆಯುವಷ್ಟರಲ್ಲಿ ಮೇಲಿನ ಮನೆಗೆ ಒಂದು ಸಣ್ಣ ಒಲೆ ಬಂತು. ಔಷಧಿ ಅಂಗಡಿಯಿಂದ ಬರುವುದು ತಡವಾಗುತ್ತದೆ, ಎಲ್ಲರನ್ನೂ ಕಾಯಿಸುವುದು ಬೇಡ ಎಂದು ಚಿಕ್ಕ ಸೊಸೆ ಅಜ್ಜಿಗೆ ಹೇಳಿದಳು. ಅಜ್ಜಿ ಯಾವ ಒಲೆಯ ಊಟ ಮಾಡಬೇಕೆಂದು ತಿಳಿಯದೆ ಒಂದು ಸಂಜೆ ಬರೀ ಬ್ರೆಡ್ಡು ತಿಂದು ಮಲಗಿದಳು.

ಬೆಲೆ ಕಟ್ಟುವ ಹೆಂಗಸು ಮನೆಗೆ ಬಂದದ್ದು ಒಂದು ಮಧ್ಯಾಹ್ನ. ತೀರಿಕೊಂಡವರ ಹೆಂಡತಿಯ ಮಾತನ್ನೂ ಕೇಳಬೇಕು ಎಂದಿದ್ದಳು. ಮುಂದಿನ ಕೋಣೆಯಲ್ಲಿ ಚಿಕ್ಕವನು ಒಂದು ಕುರ್ಚಿಯಲ್ಲಿ, ತಾಯಿ ಮಗಳು ಎದುರಿಗೆ. ಒಳಕೋಣೆಯಲ್ಲಿ ಅಜ್ಜಿ ಮಲಗಿದ್ದಳು, ಬಾಗಿಲು ಅರ್ಧ ಮುಂದೆ ಮಾಡಿತ್ತು. ಅವತ್ತು ಬೆಳಿಗ್ಗೆ ದೊಡ್ಡ ಸೊಸೆ ಗಂಡನ ಫೋನನ್ನು ಮೊದಲ ಬಾರಿಗೆ ಆಫ್ ಮಾಡಿ ಬೀರುವಿನ ಬಟ್ಟೆಗಳ ನಡುವೆ ಇಟ್ಟಿದ್ದಳು.

"ಅವರ ದಿನ ಹೇಗಿರ್ತಿತ್ತು?" ಹೆಂಗಸು ಕೇಳಿದಳು.

"ಮೊದಮೊದಲು ಎಲ್ಲದಕ್ಕೂ ಅವರೇ ಓಡ್ತಿದ್ರು. ಈಚೆಗೆ ಹಾಗಿರಲಿಲ್ಲ. ಮೇಸ್ತ್ರಿ, ಮಿಕ್ಕ ಕೆಲಸದವರು ಎಲ್ಲ ಪಳಗಿದ್ದಾರೆ. ಇವರು ಸುಮ್ಮನೆ ಹೋಗಿ ನೋಡಿ ಬರೋರು."

"ಆಸ್ಪತ್ರೆ ನಿಮ್ಮ ದೊಡ್ಡ ಗಿರಾಕಿ. ಅಲ್ಲಿ ಏನಾದ್ರೂ ಕೆಟ್ಟರೆ?"

"ಹೋದ ವರ್ಷ ಅಲ್ಲಿ ದೊಡ್ಡ ಲಿಫ್ಟು ಎರಡು ಮಹಡಿ ನಡುವೆ ನಿಂತುಬಿಟ್ಟಿತ್ತು. ಒಳಗೆ ಒಬ್ಬ ರೋಗಿ, ಅವನ ಹೆಂಡತಿ. ಇವರಿಗೆ ಆವತ್ತು ಮೈ ಸುಡೋ ಜ್ವರ. ಹಾಸಿಗೆ ಬಿಟ್ಟು ಏಳಲಿಲ್ಲ. ಮೇಸ್ತ್ರಿಯೇ ಇಳಿಸಿ ಬಾಗಿಲು ತೆಗೆದದ್ದು."

ಅದು ನಿಜವೇ. ಆದರೆ ಗಂಡ ಕಣ್ಣು ಮುಚ್ಚಿ ಮಲಗಿಕೊಂಡೇ ಒಂದು ಫೋನಿನಲ್ಲಿ ಮೇಸ್ತ್ರಿಗೆ ಯಾವ ಹಿಡಿಕೆ, ಎಷ್ಟು ಸುತ್ತು, ಎಲ್ಲಿ ನಿಲ್ಲಿಸು ಎಂದು ಹೇಳುತ್ತ, ಇನ್ನೊಂದರಲ್ಲಿ ಲಿಫ್ಟಿನೊಳಗಿದ್ದ ಆ ಹೆಂಗಸನ್ನು ಬಾಗಿಲು ತೆರೆಯುವವರೆಗೂ ಮಾತಾಡಿಸಿದ್ದನ್ನು ಅವಳು ಹೇಳಲಿಲ್ಲ. ಬೀಳಲ್ಲಮ್ಮ, ಎಂದೂ ಬೀಳಲ್ಲ, ನಿಮ್ಮ ಮಕ್ಕಳು ಎಷ್ಟು ಜನ ಹೇಳಿ ಎಂದು ಅವನು ಒಣಗಿದ ಬಾಯಲ್ಲಿ ಕೇಳುತ್ತಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಿಡಿದು ಕೂತಿದ್ದವಳು ಅವಳೇ.

"ಗಿರಾಕಿಗಳು ಫೋನ್ ಮಾಡಿದ್ರೆ ಅವರನ್ನೇ ಕೇಳ್ತಿದ್ರಾ?"

"ಫೋನು ಹೆಚ್ಚಾಗಿ ನನ್ನ ಕೈಯಲ್ಲೇ ಇರ್ತಿತ್ತು. ಕೆಲಸ ಆದ್ರೆ ಸಾಕು ಅವರಿಗೆ. ಯಾರು ಎತ್ತಿದ್ರೇನು?"

ಚಿಕ್ಕವನು ಕುರ್ಚಿಯಿಂದ ಎದ್ದ. "ಅತ್ತಿಗೆ..."

"ನಿಮ್ಮ ಮಾತು ಆಗಲೇ ಬರಕೊಂಡಿದೀನಿ," ಎಂದಳು ಹೆಂಗಸು. ಅವನು ಕೂತ. ಅವಳು ಮತ್ತೆ ಇತ್ತ ತಿರುಗಿ, "ಅಂದ್ರೆ ಅವರಿಲ್ಲದೆ ಕಂಪನಿ ನಡೆಯುತ್ತೆ ಅಂತೀರಿ," ಎಂದಳು.

ಬಟನ್ ತಾಯಿಯ ಮುಖ ನೋಡಿದಳು. ತಾಯಿ ಅವಳ ಕಡೆ ತಿರುಗಲಿಲ್ಲ.

"ನಡೀತಿದೆಯಲ್ಲ," ಎಂದಳು.

ವರದಿ ಬಂದಾಗ ಎಲ್ಲರೂ ಕೆಳಗಿನ ಮನೆಯಲ್ಲಿ ಸೇರಿದರು. ಬಹಳ ದಿನಗಳ ಮೇಲೆ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅಜ್ಜಿಯೇ ಹಟ ಹಿಡಿದು ಕೂರಿಸಿದ್ದಳು. ಬಟನ್ ಓದಿದಳು. ಹದಿನೆಂಟು ಲಕ್ಷ ಉಳಿಯುತ್ತದೆ ಎಂದು ಹಿಡಿದಿದ್ದರು. ತೊಂಬತ್ತು, ಸಾಲ ಕಳೆದು ಎಪ್ಪತ್ತು, ಅರ್ಧ ಮೂವತ್ತೈದು. ಚಿಕ್ಕವನು ಕಣ್ಣು ಮುಚ್ಚಿಕೊಂಡ.

"ಯಾಕೆ ಅಂತ ಬರೆದಿಲ್ವಾ?" ಅಜ್ಜಿ ಕೇಳಿದಳು.

"ಬರೆದಿದಾರೆ ಅಜ್ಜಿ. ಬೇಡ ಬಿಡಿ."

"ಓದು."

ಬಟನ್ ತಗ್ಗಿದ ದನಿಯಲ್ಲಿ ಓದಿದಳು: "'ಮೃತ ನಿರ್ದೇಶಕರ ಪಾತ್ರ ಇತ್ತೀಚೆಗೆ ಸೀಮಿತವಾಗಿತ್ತು. ಅವರ ಅನುಪಸ್ಥಿತಿಯ ಪರಿಣಾಮ ಅಲ್ಪ.'"

"ಅಲ್ಪ ಅಂದ್ರೆ?"

"ಕಡಿಮೆ ಅಂತ."

"ಯಾರು ಹೇಳಿದ್ದು ಅವರಿಗೆ?"

"ನಾನೇ ಅತ್ತೆ," ಎಂದಳು ದೊಡ್ಡ ಸೊಸೆ.

"ಗೊತ್ತು. ಒಳಗೆ ಮಲಗಿ ಕೇಳಿಸ್ಕೊಂಡೆ. ನಿನ್ನ ಬಾಯಿಂದ ಇನ್ನೊಂದು ಸಲ ಬರುತ್ತಾ ಅಂತ ನೋಡಿದೆ." ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಅವರಪ್ಪ ಹೋದಾಗ ಅವನಿಗೆ ಮೀಸೆ ಚಿಗುರಿರಲಿಲ್ಲ. ಲಿಫ್ಟಿನ ಗುಂಡಿಯೊಳಗೆ ಹಗ್ಗಕ್ಕೆ ಜೋತುಬಿದ್ದು ದುಡಿದು ಈ ತಮ್ಮನ್ನ ಓದಿಸಿದ. ಈ ಮನೆ ಮೇಲೆ ಮನೆ ಎಬ್ಬಿಸಿದ. ಅಲ್ಪ."

ಅವತ್ತಿನಿಂದ ಅಜ್ಜಿ ದೊಡ್ಡ ಸೊಸೆಯ ಜೊತೆ ಮಾತು ಬಿಟ್ಟಳು. ಎದುರೆದುರು ಕೂತಿದ್ದರೂ "ನಿಮ್ಮಮ್ಮನಿಗೆ ಮಜ್ಜಿಗೆ ಕೊಡೋಕೆ ಹೇಳೇ," ಎಂದು ಮೊಮ್ಮಗಳಿಗೆ ಹೇಳುತ್ತಿದ್ದಳು. ದೊಡ್ಡ ಸೊಸೆ ಕೊಟ್ಟರೆ ಕುಡಿಯುತ್ತಿದ್ದಳು. ಅಷ್ಟೇ.

ಬ್ಯಾಂಕು ಸಾಲ ಕೊಡಲು ಒಪ್ಪಿತು, ಆದರೆ ಮನೆ ಒತ್ತೆ ಇಡಬೇಕೆಂದಿತು. ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಪೆನ್ನು ಮುಚ್ಚಿ ವಾಪಸು ಕೊಟ್ಟು, "ಒಬ್ಬ ಮಗನ್ನ ಕೊಂಡುಕೊಳ್ಳೋಕೆ ಇನ್ನೊಬ್ಬ ಮಗನಿಗೆ ಮನೆ ಕೊಟ್ಟೆ," ಎಂದಳು. ಬ್ಯಾಂಕಿನವನು ಅರ್ಥವಾಗದೆ ನಕ್ಕ.

ದುಡ್ಡು ಬಂದ ತಿಂಗಳಲ್ಲೇ ದೊಡ್ಡ ಸೊಸೆ ಬಾಡಿಗೆ ಮನೆ ನೋಡಿದಳು. ಯಾರೂ ಹೋಗಿ ಎನ್ನಲಿಲ್ಲ, ಬೇಡ ಎಂದೂ ಬಾಯಿಬಿಡಲಿಲ್ಲ. ಸಾಮಾನು ಕಟ್ಟುವ ದಿನ ಚಿಕ್ಕ ಸೊಸೆ ಅಂಗಡಿಯಿಂದ ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಹೊತ್ತು ತಂದಳು. ಗಾಜಿನ ಲೋಟಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಜೋಡಿಸಿದಳು. ಕೊನೆಯ ಪೆಟ್ಟಿಗೆ ಕಟ್ಟುವಾಗ, "ಅಕ್ಕ, ದೊಡ್ಡ ಕುಕ್ಕರು ನೀವೇ ತಗೊಂಡು ಹೋಗಿ," ಎಂದಳು.

"ಇಬ್ಬರಿಗೆ ಅಷ್ಟು ದೊಡ್ಡದು ಯಾಕೆ?"

"ನಮಗೂ ಯಾಕೆ?"

ಕುಕ್ಕರು ಅಲ್ಲೇ ಉಳಿಯಿತು. ದೊಡ್ಡ ಸೊಸೆ ಗಂಡನ ಫೋನನ್ನು ಚಿಕ್ಕವನ ಕೈಗೆ ಕೊಟ್ಟಳು. "ಇದು ಕಂಪನಿದು. ಊಟದ ಹೊತ್ತಲ್ಲಿ ಜಾಸ್ತಿ ಬರುತ್ತೆ. ಎತ್ತದೆ ಇರಬೇಡ." ಅಜ್ಜಿ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ಬಾಡಿಗೆ ಮನೆಯಲ್ಲಿ ಎರಡು ಕೋಣೆ. ಬಟನ್ ಪರೀಕ್ಷೆ ಮುಗಿಸಿ ಒಬ್ಬ ಆಡಿಟರನ ಹತ್ತಿರ ಕೆಲಸಕ್ಕೆ ಸೇರಿದಳು. ತಾಯಿ ಹತ್ತಿರದ ಶಾಲೆಯ ಆಫೀಸಿನಲ್ಲಿ ಫೋನು ನೋಡಿಕೊಳ್ಳುವ ಕೆಲಸ ಹಿಡಿದಳು. ದುಡ್ಡು ಬ್ಯಾಂಕಿನಲ್ಲಿ ಇದ್ದ ಹಾಗೇ ಇತ್ತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಹುಡುಗಿ, "ಅಮ್ಮ, ನಾವು ಹೇಳಿದ್ದನ್ನ ಅಪ್ಪ ಕೇಳಿಸ್ಕೊಂಡಿದ್ರೆ ಏನಂತಿದ್ರು?" ಎಂದಳು.

"ಅವರಿದ್ದಿದ್ರೆ ಆ ಮಾತೇ ಬರ್ತಿರ್ಲಿಲ್ಲ."

"ಹೇಳಿಕೊಟ್ಟವಳು ನಾನು."

"ಹೇಳಿದವಳು ನಾನು. ಮೊಟ್ಟೆ ತಣ್ಣಗಾಗುತ್ತೆ, ತಿನ್ನು."

ಚಿಕ್ಕವನು ಬಂದದ್ದು ಅದಾದ ಕೆಲವು ವಾರಗಳಿಗೆ, ಒಂದು ಭಾನುವಾರ, ಹೇಳದೆ ಕೇಳದೆ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಉಸಿರು ತೆಗೆದುಕೊಳ್ಳುತ್ತ ನಿಂತ. ತೂಕ ಇಳಿದಿದ್ದ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಬಾಗಿಲ ಮೋಟಾರಿಗೆ ಸಿಕ್ಕಿತು. ಇಬ್ಬರನ್ನ ಕೆಲಸದಿಂದ ತೆಗೆದೆ ಅತ್ತಿಗೆ, ಕಂತು ಕಟ್ಟಬೇಕಲ್ಲ. ಈಗ ನಾನೇ ಹೋಗ್ತೀನಿ."

"ನಿನಗೇನು ಗೊತ್ತು ಅಂತ ಕೈ ಹಾಕ್ತೀಯೋ! ಕೂತ್ಕೋ."

ಅವನು ಕೂತ. ಬಟನ್ ನೀರು ತಂದುಕೊಟ್ಟು, ಹೋಗಲೋ ಇರಲೋ ತಿಳಿಯದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಆಸ್ಪತ್ರೆ ಹೋಯ್ತು ಅತ್ತಿಗೆ. ಗುತ್ತಿಗೆ ಬೇರೆಯವರಿಗೆ ಕೊಟ್ಟರು."

ದೊಡ್ಡ ಸೊಸೆ ಅವನೆದುರು ಕೂತಳು.

"ಯಾಕೆ ಅಂತ ಅಲ್ಲಿನ ಎಂಜಿನಿಯರನ್ನ ಕೇಳಿದೆ. ದರ ಇಳಿಸ್ತೀನಿ ಅಂದೆ. ಅವನು ಹೇಳಿದ, ದರದ ಮಾತಲ್ಲ, ನಿಮ್ಮ ಕಡೆಯವರು ಕೆಟ್ಟ ಮೇಲೆ ಬರ್ತಾರೆ, ನಿಮ್ಮ ಅಣ್ಣ ಕೆಡೋಕೆ ಮುಂಚೆ ಬರ್ತಿದ್ರು. ವಾರಕ್ಕೊಂದು ಸಲ ಸುಮ್ಮನೆ ಬಂದು ಮೇಲೆ ಕೆಳಗೆ ನಾಲ್ಕು ಸಲ ಓಡಾಡಿ, ಕಿವಿ ಗೋಡೆಗೆ ಕೊಟ್ಟು ಶಬ್ದ ಕೇಳಿ ಹೋಗ್ತಿದ್ರು ಅಂತ. ನನಗೆ ಗೊತ್ತೇ ಇರ್ಲಿಲ್ಲ ಅತ್ತಿಗೆ. ಅದಕ್ಕೆ ಬಿಲ್ಲಿಲ್ಲ, ಏನಿಲ್ಲ. ವಾರಕ್ಕೊಂದು ಸಲ ಎಲ್ಲಿ ಹಾಳಾಗಿ ಹೋಗ್ತಾನೆ ಅಂತ ನಾನು ಬೈತಿದ್ದೆ."

ಅವನು ಹೆಬ್ಬೆರಳಿನ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದ.

"ಅವನಿಲ್ಲದೆ ಏನೂ ಇಲ್ಲ ಅಂತ ನಾನು ಬೆಲೆ ಇಳಿಸೋಕೆ ಹೇಳಿದ್ದು. ನಿಜ ಅಂತ ಗೊತ್ತಿರ್ಲಿಲ್ಲ."

"ನನಗೆ ಗೊತ್ತಿತ್ತು," ಎಂದಳು ದೊಡ್ಡ ಸೊಸೆ.

ಅವನ ಮುಂದಿದ್ದ ಖಾಲಿ ಲೋಟವನ್ನು ಅವಳು ಪಕ್ಕಕ್ಕಿಟ್ಟಳು.

"ಹತ್ತು ಲಕ್ಷ ವಾಪಸು ತಗೋ," ಎಂದಳು ಅವಳು. "ಮಿಕ್ಕದ್ದು ಇವಳಿಗಿರಲಿ."

"ತಗೊಳ್ಳಿ ಚಿಕ್ಕಪ್ಪ," ಎಂದಳು ಬಟನ್.

"ಬೇಡ. ಕೊಟ್ಟರೂ ಬ್ಯಾಂಕಿನ ಬಾಯಿಗೇ. ಆಸ್ಪತ್ರೆ ಏನು ವಾಪಸು ಬರುತ್ತಾ? ನೀವಾದರೂ ದಡ ಸೇರಿ."

ಅವಳು ಎದ್ದು ತಟ್ಟೆ ಹಾಕಿದಳು. ಬೇಡ ಎನ್ನುತ್ತಲೇ ಅವನು ಕೈ ತೊಳೆದ. ಎಡಗೈಯಲ್ಲಿ ಚಮಚ ಹಿಡಿದು ಮಕ್ಕಳ ಹಾಗೆ ಚೆಲ್ಲಿಕೊಂಡು ತಿಂದ. ಅರ್ಧ ಊಟದಲ್ಲಿ, ತಲೆ ಎತ್ತದೆ ಕೇಳಿದ, "ಅಣ್ಣ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?"

"ಹೇಳ್ತಿದ್ರು. ಲೆಕ್ಕ ಅವನು ನೋಡಿಕೊಳ್ಳದಿದ್ರೆ ನಾನು ಒಂದೇ ವರ್ಷಕ್ಕೆ ಬೀದಿಗೆ ಬರ್ತಿದ್ದೆ, ಅವನು ಕೂಗಾಡಿದ್ರೂ ಸರಿ ಅನ್ನೋರು."

"ನನ್ನ ಮುಂದೆ ಒಂದು ಸಲಾನೂ ಹೇಳಲಿಲ್ಲವಲ್ಲ."

"ನೀನೂ ಹೇಳಲಿಲ್ಲವಲ್ಲಪ್ಪ."

ಅವನು ಚಮಚ ಕೆಳಗಿಟ್ಟು ಅತ್ತ. ಅಣ್ಣ ಸತ್ತ ದಿನ ಓಡಾಟದಲ್ಲಿ ಅಳುವುದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ದೊಡ್ಡ ಸೊಸೆ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಅವನು ಅದನ್ನೂ ತಿಂದು ಹೋದ.

ವರ್ಷ ತುಂಬುವ ಮುಂಚೆ ಕಂಪನಿಯನ್ನು ಮಾರಬೇಕಾಯಿತು. ಕೊಂಡವರು ದೊಡ್ಡವರು, ಹೊರಗಿನವರು. ಬಂದ ದುಡ್ಡು ಬ್ಯಾಂಕಿನ ಸಾಲಕ್ಕೆ ಸರಿಹೋಯಿತು. ಮನೆಯ ಪತ್ರ ವಾಪಸು ಬಂತು, ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಮೇಸ್ತ್ರಿಯನ್ನು ಅವರು ಇಟ್ಟುಕೊಂಡರು. ಚಿಕ್ಕವನಿಗೂ ಒಂದು ಮೇಜು ಕೊಟ್ಟರು, ಸಂಬಳಕ್ಕೆ.

ಪತ್ರ ಬಂದ ದಿನ ಅವನು ಅತ್ತಿಗೆಯನ್ನೂ ಬಟನ್‌ಳನ್ನೂ ಮನೆಗೆ ಕರೆಸಿದ. ಅಜ್ಜಿ ಮುಂದಿನ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಈಚೆಗೆ ನಡೆಯುವುದು ಕಷ್ಟವಾಗಿತ್ತು. ಚಿಕ್ಕವನು ಪತ್ರವನ್ನು ಅವಳ ತೊಡೆಯ ಮೇಲಿಟ್ಟ.

"ಈ ಸಲ ಬೆಲೆ ಕಟ್ಟೋಕೆ ಯಾರು ಬಂದಿದ್ರು?" ಅಜ್ಜಿ ಕೇಳಿದಳು.

"ಅವರ ಕಡೆಯವರೇ ಇಬ್ಬರು ಹುಡುಗರು."

"ದೊಡ್ಡವನ ಬಗ್ಗೆ ಏನು ಕೇಳಿದ್ರು?"

ಚಿಕ್ಕವನು ಹೆಂಡತಿಯ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ.

"ಏನೂ ಕೇಳಲಿಲ್ಲ ಅಮ್ಮ."

"ಒಂದು ಮಾತೂ?"

"ಒಂದು ಮಾತೂ ಇಲ್ಲ. ಎಷ್ಟು ಲಿಫ್ಟು, ಎಷ್ಟು ಗುತ್ತಿಗೆ, ಅಷ್ಟೇ ಕೇಳಿದ್ದು."

ಅಜ್ಜಿ ಪತ್ರವನ್ನು ಬಿಡಿಸಿ ನೋಡಲಿಲ್ಲ. ಅದರ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಕತ್ತೆತ್ತಿ, ಮೊಮ್ಮಗಳನ್ನಲ್ಲ, ದೊಡ್ಡ ಸೊಸೆಯನ್ನೇ ನೋಡಿ, "ಊಟ ಮಾಡಿಕೊಂಡು ಹೋಗು," ಎಂದಳು.

ದೊಡ್ಡ ಸೊಸೆ ಕೂತಳು. ಚಿಕ್ಕ ಸೊಸೆ ಎಲ್ಲರಿಗೂ ಬಡಿಸಿದಳು. ಅಜ್ಜಿ ಮೊದಲ ತುತ್ತು ತೆಗೆದುಕೊಂಡಳು, ಬಟನ್ ತೆಗೆದುಕೊಂಡಳು, ಚಿಕ್ಕವನು ತೆಗೆದುಕೊಂಡ. ದೊಡ್ಡ ಸೊಸೆ ಅನ್ನವನ್ನು ಕಲೆಸುತ್ತ, ಕಲೆಸುತ್ತಲೇ ಇದ್ದಳು.

"ತಿನ್ನಮ್ಮ," ಎಂದಳು ಅಜ್ಜಿ.